ಟಾರ್ಚು ಕೈಕೊಟ್ಟಾಗ: ದೋಷ ಎಲ್ಲಿದೆಯೆಂದು ಹುಡುಕುವ ಕ್ರಮ

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಅಡೂರಿನವರೆಗೆ ನಮ್ಮ ಕಡೆಯ ಮನೆಗಳಲ್ಲಿ ಒಂದೊಂದೇ ಟಾರ್ಚು ಕೈಕೊಡಲು ಶುರುವಾಗುತ್ತದೆ. ಬೇಸಿಗೆಯಿಡೀ ತೋಟದ ಸ್ಪ್ರಿಂಕ್ಲರ್ ಬದಲಿಸಲು, ರಾತ್ರಿ ಯಕ್ಷಗಾನ ಆಟ ನೋಡಿ ಗುಡ್ಡೆ ಹತ್ತಿ ಮನೆ ಸೇರಲು ಜತೆಗಿದ್ದ ಟಾರ್ಚು, ಗಾಳಿಗೆ ಮರ ಬಿದ್ದು ಕರೆಂಟು ಹೋದ ಮೊದಲ ರಾತ್ರಿಯೇ ಹತ್ತುವುದಿಲ್ಲ. "ಬಲ್ಬು ಹೋಯಿತು" ಎಂದು ಅದನ್ನು ಮೂಲೆಗೆ ಹಾಕಿ ಹೊಸತು ತರುವುದು ರೂಢಿ. ಆದರೆ ಈಗಿನ ಟಾರ್ಚುಗಳಲ್ಲಿ ಬಲ್ಬು, ಅಂದರೆ ಎಲ್‌ಇಡಿ, ಹೋಗುವುದು ಬಹಳ ಕಡಿಮೆ. ಹೋಗುವುದು ಸೆಲ್ಲು, ಸೆಲ್ಲಿನಿಂದ ಎಲ್‌ಇಡಿವರೆಗಿನ ದಾರಿಯಲ್ಲಿರುವ ಸ್ಪ್ರಿಂಗು, ಮುಚ್ಚಳ ತಿರುಗಿಸುವ ಥ್ರೆಡ್ಡು, ಸ್ವಿಚ್ಚು, ವಯರು. ಇವುಗಳಲ್ಲಿ ಹೆಚ್ಚಿನವು ಮನೆಯಲ್ಲೇ ಸರಿಯಾಗುತ್ತವೆ. ಸರಿಯಾಗದಿದ್ದರೂ, ಯಾವುದು ಕೆಟ್ಟಿತೆಂದು ಗೊತ್ತಾದರೆ ಮುಂದಿನ ಟಾರ್ಚನ್ನು ನೋಡಿ ಕೊಳ್ಳಲು ಬರುತ್ತದೆ.

ಹುಡುಕುವ ಕ್ರಮ ಒಂದೇ: ಸೆಲ್ಲಿನಿಂದ ಶುರು ಮಾಡಿ ಹಿಂದಿನಿಂದ ಮುಂದಕ್ಕೆ ಬನ್ನಿ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಿ. ಸೆಲ್ಲನ್ನೂ ಬದಲಿಸಿ, ಥ್ರೆಡ್ಡನ್ನೂ ಒರೆಸಿ, ಸ್ವಿಚ್ಚನ್ನೂ ಬಿಗಿದ ಮೇಲೆ ಟಾರ್ಚು ಹತ್ತಿದರೆ ದೋಷ ಯಾವುದಿತ್ತೆಂದು ತಿಳಿಯುವುದಿಲ್ಲ. ವಾರ ಕಳೆದು ಅದೇ ಕಾಯಿಲೆ ಮರಳಿದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಬಿಚ್ಚುವ ಮೊದಲು

ಕೈಯಲ್ಲಿರುವುದು ಯಾವ ಜಾತಿಯದೆಂದು ಮೊದಲು ನೋಡಿ. ನಮ್ಮ ಪೇಟೆಗಳಲ್ಲಿ ಸಿಗುವವು ಮೂರು ಬಗೆ. ಮೊದಲನೆಯದು ಅಂಗಡಿಯ ಸೆಲ್ಲು ಹಾಕುವ ಹಳೆಯ ಬಗೆ. ಎರಡನೆಯದು ಹಿಂಬದಿಯಿಂದ ಎರಡು ಪಿನ್ನು ಹೊರಗೆ ಬರುವ, ನೇರವಾಗಿ ಗೋಡೆಯ ಪ್ಲಗ್ಗಿಗೆ ಚುಚ್ಚಿ ಚಾರ್ಜ್ ಮಾಡುವ ಪ್ಲಾಸ್ಟಿಕ್ ಟಾರ್ಚು. ಇದರೊಳಗೆ ಸಾಮಾನ್ಯವಾಗಿ 4 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಮೂರನೆಯದು ಲಿಥಿಯಂ ಸೆಲ್ಲಿನ, ಮೊಬೈಲಿನ ವಯರಿನಲ್ಲಿ ಚಾರ್ಜಾಗುವ ಲೋಹದ ಟಾರ್ಚು ಮತ್ತು ಹೆಡ್‌ಲೈಟು.

ಎರಡನೆಯ ಬಗೆಯ ಬಗ್ಗೆ ಎಚ್ಚರ. ಅಗ್ಗದ ಪಿನ್ನಿನ ಟಾರ್ಚುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರಿನ ಮೂಲಕ ಗೋಡೆಯ 230 ವೋಲ್ಟು ಒಳಗಿನ ಸರ್ಕ್ಯೂಟಿಗೆ ನೇರವಾಗಿ ಬರುತ್ತದೆ. ಹಾಗಾಗಿ ಚಾರ್ಜಿಗಿಟ್ಟಿರುವಾಗ ಒಳಗಿನ ಯಾವ ಲೋಹ ಮುಟ್ಟಿದರೂ ಶಾಕ್ ಹೊಡೆಯಬಹುದು. ಗಾಜು ಒಡೆದ, ಮೈ ಬಿರುಕು ಬಿಟ್ಟ, ಒದ್ದೆಯಾದ ಪಿನ್ನಿನ ಟಾರ್ಚನ್ನು ಪ್ಲಗ್ಗಿಗೆ ಹಾಕಲೇಬೇಡಿ. ಬಿಚ್ಚಬೇಕಾದರೆ ಪ್ಲಗ್ಗಿನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿ, ಕೆಪಾಸಿಟರಿನಲ್ಲಿ ಒಂದಿಷ್ಟು ಚಾರ್ಜ್ ಉಳಿದಿರುತ್ತದೆ. ಮಕ್ಕಳಿರುವ ಮನೆಯಲ್ಲಿ ಇಂಥದನ್ನು ಅವರ ಕೈಗೆ ಸಿಗುವಲ್ಲಿ ಚಾರ್ಜಿಗೆ ಇಡುವುದು ನನಗೆ ಒಪ್ಪಿಗೆಯಿಲ್ಲ.

ಲಿಥಿಯಂ ಸೆಲ್ಲು ಉಬ್ಬಿದ್ದರೆ, ಸುತ್ತಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ, ಸಿಹಿಸಿಹಿಯಾದ ರಾಸಾಯನಿಕ ವಾಸನೆ ಬರುತ್ತಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಆ ಸೆಲ್ಲಿನ ಕೆಲಸ ಮುಗಿದಿದೆ.

ಸಾಧ್ಯವಿದ್ದರೆ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಇಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಅತ್ಯಂತ ಕಡಿಮೆ ಬೆಲೆಯದೂ ಈ ಕೆಲಸಕ್ಕೆ ಧಾರಾಳ ಸಾಕು.

ಹತ್ತುವುದೇ ಇಲ್ಲ

ಹೊಸ ಟಾರ್ಚಾದರೆ ಸೆಲ್ಲಿಗೂ ತಲೆಗೂ (ಎಲ್‌ಇಡಿ ಇರುವ ಮುಂಭಾಗ) ನಡುವೆ ಇಟ್ಟ ಪ್ಲಾಸ್ಟಿಕ್ ಬಿಲ್ಲೆ ತೆಗೆದಿದ್ದೀರಾ ನೋಡಿ. ಸಾಗಣೆಯಲ್ಲಿ ತಾನಾಗಿ ಹತ್ತದಿರಲಿ ಎಂದು ಅದನ್ನು ಇಟ್ಟಿರುತ್ತಾರೆ. ಹಿಂದಿನ ಮುಚ್ಚಳ ಪೂರ್ತಿ ಬಿಗಿಯಾಗಿದೆಯೇ ನೋಡಿ. ಲೋಹದ ಟಾರ್ಚುಗಳಲ್ಲಿ ಮುಚ್ಚಳ ಕಾಲು ಸುತ್ತು ಸಡಿಲವಾದರೂ ಬೆಳಕು ಬರುವುದಿಲ್ಲ. ಚೀಲದಲ್ಲಿ ಅಕಸ್ಮಾತ್ ಹತ್ತದಂತೆ ಬೇಕೆಂದೇ ಹೀಗೆ ಮಾಡಿರುವುದೂ ಉಂಟು. ಪಕ್ಕದಲ್ಲಿ ಗುಂಡಿ ಇರುವವುಗಳಲ್ಲಿ ಗುಂಡಿಗೇ ಬೀಗ ಹಾಕುವ ಅನುಕೂಲ ಇರುತ್ತದೆ. ಮಕ್ಕಳು ಒತ್ತಿ ಒತ್ತಿ ಬೀಗ ಬಿದ್ದಿರಬಹುದು. ಹಲವು ಸಲ ಬೇಗ ಬೇಗ ಒತ್ತಿ, ಆಮೇಲೆ ಒತ್ತಿ ಹಿಡಿದು ನೋಡಿ.

ಆಮೇಲೆ ಸೆಲ್ಲು. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಅಳೆಯಿರಿ. ಹೊಸ ಆಲ್ಕಲೈನ್ ಸೆಲ್ಲು 1.5 ವೋಲ್ಟಿನ ಮೇಲೆ ತೋರಿಸುತ್ತದೆ, 1.1ಕ್ಕೆ ಇಳಿದಿದ್ದರೆ ಟಾರ್ಚಿಗೆ ಅದು ಪ್ರಯೋಜನವಿಲ್ಲ, ಗೋಡೆ ಗಡಿಯಾರಕ್ಕೆ ಇನ್ನೂ ಸ್ವಲ್ಪ ದಿನ ಬರಬಹುದು. ಲಿಥಿಯಂ ಸೆಲ್ಲು ಪೂರ್ತಿ ತುಂಬಿದಾಗ 4.2, ನಡುವಿನಲ್ಲಿ 3.7ರ ಆಸುಪಾಸು, 3.0ಕ್ಕೆ ಬಂದರೆ ಖಾಲಿ. 4 ವೋಲ್ಟಿನ ಸೀಸದ ಬ್ಯಾಟರಿ ಚಾರ್ಜ್ ಮಾಡಿ ಬಿಟ್ಟು ನೋಡಿದಾಗ 4.2ರ ಹತ್ತಿರ ಇರಬೇಕು, 3.9ಕ್ಕಿಂತ ಕೆಳಗಿದ್ದರೆ ಖಾಲಿಯೆಂದೇ ಲೆಕ್ಕ.

ರಕ್ಷಣಾ ಸರ್ಕ್ಯೂಟ್ ಇರುವ ಲಿಥಿಯಂ ಸೆಲ್ಲು ಕೆಲವೊಮ್ಮೆ ಸೊನ್ನೆ ತೋರಿಸುತ್ತದೆ. ಸೆಲ್ಲು ತೀರಾ ಬರಿದಾದಾಗ ಆ ಸರ್ಕ್ಯೂಟು ದಾರಿ ಮುಚ್ಚಿಬಿಟ್ಟಿರುತ್ತದೆ. ಒಳ್ಳೆಯ ಚಾರ್ಜರಿನಲ್ಲಿ ಇಟ್ಟರೆ ಅದು ತೆರೆದುಕೊಳ್ಳುತ್ತದೆ. ಆದರೆ ತಿಂಗಳುಗಟ್ಟಲೆ ಖಾಲಿ ಬಿದ್ದು 2 ವೋಲ್ಟಿಗಿಂತ ಕೆಳಗಿಳಿದ ಸೆಲ್ಲನ್ನು ಬೇರೆ ಬ್ಯಾಟರಿಯಿಂದ ವಯರು ಕೊಟ್ಟು ಎಬ್ಬಿಸುವ ಉಪಾಯಗಳನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಹಾಗೆ ಬರಿದಾದ ಸೆಲ್ಲಿನೊಳಗೆ ತಾಮ್ರ ಕರಗಿ ಬೇರೆಡೆ ಕೂತಿರುತ್ತದೆ, ಮುಂದೆ ಯಾವತ್ತೋ ಚಾರ್ಜ್ ಆಗುವಾಗ ಒಳಗೇ ಶಾರ್ಟ್ ಆಗಬಹುದು.

ಸೆಲ್ಲು ಸರಿಯಿದ್ದೂ ಟಾರ್ಚು ಹತ್ತದಿದ್ದರೆ ಸೆಲ್ಲು ಎರಡೂ ಕಡೆ ತಾಗುತ್ತಿದೆಯೇ ನೋಡಿ. ಲೋಹದ ಟಾರ್ಚುಗಳಲ್ಲಿ ಸಾಮಾನ್ಯವಾಗಿರುವ ಲಿಥಿಯಂ ಸೆಲ್ಲಿಗೆ 18650 ಎಂಬ ಹೆಸರು ಅಳತೆಯಿಂದ ಬಂದದ್ದು: 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ. ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ಲು ಇನ್ನೂ ಮೂರು ನಾಲ್ಕು ಮಿಲಿಮೀಟರ್ ಉದ್ದ ಇರುತ್ತದೆ. ಪ್ಲಸ್ ತುದಿಯಲ್ಲಿ ಕೆಲವಕ್ಕೆ ಮೊಲೆಯಂಥ ಉಬ್ಬು ಉಂಟು, ಕೆಲವಕ್ಕೆ ಚಪ್ಪಟೆ. ತಿರುವುಮುರುವಾಗಿ ಹಾಕಿದರೂ ಸುಟ್ಟುಹೋಗಬಾರದೆಂದು ಕೆಲವು ಟಾರ್ಚುಗಳ ತಲೆಯೊಳಗೆ ಸಣ್ಣ ಪ್ಲಾಸ್ಟಿಕ್ ಉಂಗುರ ಇಟ್ಟಿರುತ್ತಾರೆ. ಉಬ್ಬಿಲ್ಲದ ಸೆಲ್ಲು ಅದನ್ನು ದಾಟಿ ಲೋಹಕ್ಕೆ ತಾಗುವುದೇ ಇಲ್ಲ. ಬೇರೆ ಸೆಲ್ಲು ತಂದು ಹಾಕಿದ ದಿನದಿಂದ ಟಾರ್ಚು ಸತ್ತಿದ್ದರೆ ಇದೇ ಕಾರಣ ಇರಬಹುದು.

ಇನ್ನು ಸ್ವಿಚ್ಚು. ಹಿಂದೆ ಗುಂಡಿ ಇರುವ ಲೋಹದ ಟಾರ್ಚಿನಲ್ಲಿ ಸ್ವಿಚ್ಚನ್ನು ಪರೀಕ್ಷಿಸುವುದು ತುಂಬ ಸುಲಭ. ಹಿಂದಿನ ಮುಚ್ಚಳ ತೆಗೆಯಿರಿ. ಸೆಲ್ಲಿನ ಚಪ್ಪಟೆ ಮೈನಸ್ ತುದಿ ಕಾಣುತ್ತದೆ, ಅದರ ಸುತ್ತ ಕೊಳವೆಯ ಅಂಚು. ಸಿಪ್ಪೆ ಸುಲಿದ ತುಂಡು ವಯರಿನಿಂದಲೋ ಚಿಮುಟದಿಂದಲೋ ಸೆಲ್ಲಿನ ತುದಿಯನ್ನೂ ಕೊಳವೆಯ ಅಂಚಿನ ಬಣ್ಣವಿಲ್ಲದ ಬರಿ ಲೋಹವನ್ನೂ ಒಟ್ಟಿಗೆ ಮುಟ್ಟಿಸಿ. ಬೆಳಕು ಬಂದರೆ ತಲೆ, ಸೆಲ್ಲು ಎರಡೂ ಕ್ಷೇಮ. ಕಾಯಿಲೆ ಮುಚ್ಚಳದಲ್ಲಿ ಮಾತ್ರ. ಬೆಳಕು ಬರದಿದ್ದರೆ ಮುಚ್ಚಳ ನಿರಪರಾಧಿ, ತಲೆಯ ಕಡೆಗೆ ಹೋಗಿ. ಅರ್ಧ ನಿಮಿಷದ ಈ ಒಂದು ಪರೀಕ್ಷೆ ಟಾರ್ಚನ್ನು ಎರಡು ಭಾಗ ಮಾಡಿ ಹುಡುಕುವ ಕೆಲಸವನ್ನು ಅರ್ಧ ಮಾಡುತ್ತದೆ. ಬೇರೆ ಯಾವುದೂ ನೆನಪಿರದಿದ್ದರೂ ಇದು ನೆನಪಿರಲಿ. ಕೊಳವೆಯ ಮೈಯೇ ಮೈನಸ್ ದಾರಿಯಾಗಿರುವ ಲೋಹದ ಟಾರ್ಚಿಗೆ ಮಾತ್ರ ಇದು ಹೊಂದುತ್ತದೆ. ಪ್ಲಾಸ್ಟಿಕ್ಕಿನದರಲ್ಲಿ ಒಳಗೆ ಒಂದು ತಗಡಿನ ಪಟ್ಟಿ ಓಡಿರುತ್ತದೆ, ಅದಕ್ಕೆ ಮುಟ್ಟಿಸಬೇಕು.

ಮುಚ್ಚಳದಲ್ಲಿ ದೋಷವೆಂದಾದರೆ ಅದರೊಳಗೆ ಇಣುಕಿ ನೋಡಿ. ಸ್ಪ್ರಿಂಗಿನ ಸುತ್ತ ಒಂದು ಥ್ರೆಡ್ಡಿನ ಉಂಗುರ, ಅದರಲ್ಲಿ ಎದುರುಬದುರಾಗಿ ಎರಡು ಸಣ್ಣ ತೂತು ಕಾಣುತ್ತವೆ. ಸ್ವಿಚ್ಚನ್ನು ಒತ್ತಿ ಹಿಡಿದಿರುವುದು ಅದೇ ಉಂಗುರ. ಗುಂಡಿ ಒತ್ತಿ ಒತ್ತಿ, ಬೈಕಿನ ಡಿಕ್ಕಿಯಲ್ಲಿ ಕುಲುಕಿ ಕುಲುಕಿ ಅದು ಸಡಿಲವಾಗುತ್ತದೆ. ಚೂಪು ಚಿಮುಟದ ಎರಡು ತುದಿಗಳನ್ನು ಆ ತೂತುಗಳಿಗೆ ಕೊಟ್ಟು ಬಿಗಿ ಮಾಡಿ. ಹೆಚ್ಚಿನ ಟಾರ್ಚುಗಳು ಇಷ್ಟರಲ್ಲೇ ಬದುಕುತ್ತವೆ. ಬಿಗಿದ ಮೇಲೂ ಇಲ್ಲವೆಂದರೆ ಸ್ವಿಚ್ಚೇ ಹೋಗಿದೆ. ಬೆಸುಗೆ ಹಾಕಲು ಬರುವವರಿಗೆ ಅದನ್ನು ಬದಲಿಸುವುದು ದೊಡ್ಡ ಕೆಲಸವಲ್ಲ.

ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ

ಮಿಣುಕುವ ಟಾರ್ಚು ಸತ್ತ ಟಾರ್ಚಿಗಿಂತ ಅಪಾಯ. ಸತ್ತದ್ದನ್ನು ಯಾರೂ ಹಿಡಿದು ಹೊರಡುವುದಿಲ್ಲ. ಮಿಣುಕುವುದನ್ನು ತಟ್ಟಿ ಹೊತ್ತಿಸಿಕೊಂಡು ತೋಟಕ್ಕೆ ಇಳಿಯುತ್ತೇವೆ, ಬಿದ್ದ ಸೋಗೆಯ ಪಕ್ಕ ಕೊಳಕುಮಂಡಲ ಮಲಗಿರುವ ಜಾಗದಲ್ಲೇ ಅದು ಆರುತ್ತದೆ. ಹಾಗಾಗಿ ಈ ದೋಷಕ್ಕೆ ಹೆಚ್ಚು ಸಮಯ ಕೊಡುವುದು ನ್ಯಾಯ.

ತಟ್ಟಿದರೆ ಹತ್ತುತ್ತದೆ ಎಂದರೆ ಎಲ್ಲೋ ಸಂಪರ್ಕ ಸಡಿಲ ಅಥವಾ ಕೊಳಕು. ಮೊದಲು ಥ್ರೆಡ್ಡು ನೋಡಿ. ಅಲ್ಯೂಮಿನಿಯಂ ಟಾರ್ಚಿನ ಮೈಗೆ ಬಣ್ಣದಂತೆ ಕಾಣುವ ಆನೊಡೈಸ್ ಪದರ ಇರುತ್ತದೆ, ಅದು ವಿದ್ಯುತ್ತು ಹರಿಯಲು ಬಿಡುವುದಿಲ್ಲ. ವಿದ್ಯುತ್ತು ದಾಟುವುದು ಕೊಳವೆಯ ತುದಿಯ ಬರಿ ಲೋಹದ ಅಂಚಿನಲ್ಲಿ, ಪದರವಿಲ್ಲದ ಥ್ರೆಡ್ಡುಗಳಲ್ಲಿ. ಅಲ್ಲಿ ಕಪ್ಪು ಮೇಣದಂಥ ಕೊಳೆ ಕಟ್ಟಿದ್ದರೆ ಬೆಳಕು ಮಿಣುಕುತ್ತದೆ. ಅಲ್ಯೂಮಿನಿಯಂ ಸವೆದ ಪುಡಿ ಹಳೆಯ ಗ್ರೀಸಿನಲ್ಲಿ ಬೆರೆತು ಅದು ಆಗುವುದು. ಬಟ್ಟೆಗೆ ಸ್ಪಿರಿಟ್ ಹಾಕಿ ಕಪ್ಪು ಬರುವುದು ನಿಲ್ಲುವವರೆಗೆ ಒರೆಸಿ. ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೆ ಹೊಳಪು ಬರುತ್ತದೆ. ಮರಳು ಕಾಗದ ಬೇಡ, ಸ್ಪ್ರಿಂಗಿನ ಮೇಲಿನ ಲೇಪ ಅದರಲ್ಲಿ ಕಿತ್ತುಬರುತ್ತದೆ, ಆಮೇಲೆ ತುಕ್ಕು ಬೇಗ ಹಿಡಿಯುತ್ತದೆ.

ಒರೆಸಿದ ಮೇಲೆ ಥ್ರೆಡ್ಡಿಗೂ ನೀರು ತಡೆಯುವ ರಬ್ಬರ್ ಉಂಗುರವಾದ ಓ-ರಿಂಗಿಗೂ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ. ನಮ್ಮಲ್ಲಿ ಯಾವುದು ಕಿರುಗುಟ್ಟಿದರೂ ತೆಂಗಿನೆಣ್ಣೆ ಬಿಡುವ ಅಭ್ಯಾಸ. ಟಾರ್ಚಿಗೆ ಅದು ಬೇಡ: ಧೂಳು ಹಿಡಿಯುತ್ತದೆ, ದಿನ ಹೋದಂತೆ ಅಂಟಂಟಾಗುತ್ತದೆ, ಡಿಸೆಂಬರಿನ ಚಳಿಗೆ ಹೆಪ್ಪುಗಟ್ಟುತ್ತದೆ. ಎಣ್ಣೆಗೆ ಕೆಲವು ಬಗೆಯ ರಬ್ಬರು ಉಬ್ಬುವುದೂ ಉಂಟು. ಓ-ರಿಂಗ್ ಉಬ್ಬಿದರೆ ಮುಚ್ಚಳ ಪೂರ್ತಿ ಕೂರುವುದಿಲ್ಲ, ನೀರಿಗೆ ದಾರಿಯಾಗುತ್ತದೆ.

ಅಡಿಕೆ ತೋಟದವರಿಗೆ ಇನ್ನೊಂದು ಕಾರಣ ಉಂಟು, ಅದನ್ನು ಯಾವ ಟಾರ್ಚಿನ ಕಾಗದದಲ್ಲೂ ಬರೆದಿರುವುದಿಲ್ಲ. ಕೊಳೆರೋಗಕ್ಕೆ ಬಿಡುವ ಶೇಕಡಾ 1ರ ಬೋರ್ಡೋ ಮದ್ದಿಗೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತು ತಾಮ್ರದ ಲವಣ. ಅದರ ನೀರು ಬರಿ ಅಲ್ಯೂಮಿನಿಯಂಗೆ ತಾಗಿದರೆ ತಾಮ್ರ ಅಲ್ಲಿ ಕೂತು ಅಲ್ಯೂಮಿನಿಯಂ ಕರಗಿಹೋಗುತ್ತದೆ. ಸುಣ್ಣ ಆನೊಡೈಸ್ ಪದರವನ್ನೇ ತಿನ್ನುತ್ತದೆ. ಮದ್ದು ಕಲಸಿದ ಕೈಯಲ್ಲಿ ಹಿಡಿದ, ಮೈಲುತುತ್ತಿನ ಚೀಲದ ಪಕ್ಕದ ಗೂಡಿನಲ್ಲಿಟ್ಟ ಟಾರ್ಚಿನ ಥ್ರೆಡ್ಡು ನೋಡಿ: ಬಿಳಿ ಹುಡಿ, ನಡುವೆ ಕೆಂಪು ಚುಕ್ಕೆ, ಬೆರಳಿಗೆ ಹತ್ತುವ ಸಣ್ಣ ಸಣ್ಣ ಗುಳಿ. ಆ ಗುಳಿ ಬಿದ್ದ ಮೇಲೆ ಎಷ್ಟು ಒರೆಸಿದರೂ ಸಂಪರ್ಕ ಮೊದಲಿನಂತೆ ಆಗುವುದಿಲ್ಲ. ಮದ್ದು ಬಿಡುವ ದಿನಗಳಿಗೆ ಪ್ಲಾಸ್ಟಿಕ್ ಮೈಯ ಟಾರ್ಚನ್ನು ಬೇರೆಯೇ ಇಟ್ಟುಕೊಳ್ಳಿ. ಲೋಹದ್ದಕ್ಕೆ ತಾಗಿದರೆ ಅದೇ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ.

ರಬ್ಬರ್ ಟ್ಯಾಪಿಂಗಿನವರ ಹೆಡ್‌ಲೈಟಿನ ಕತೆ ಬೇರೆ. ಬೆಳಗಿನ ಜಾವದ ತಂಪಿನಲ್ಲಿ ಹಾಲು ಚೆನ್ನಾಗಿ ಇಳಿಯುವುದರಿಂದ ಅವರು ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ. ತಲೆಯ ಮೇಲಿನ ದೀಪವೇ ಅವರ ಕಣ್ಣು. ನಮ್ಮ ನೆರೆಯ ಟ್ಯಾಪಿಂಗ್ ಅಣ್ಣ ಒಂದು ದಿನ ತನ್ನದನ್ನು ತಂದು, "ಭಾವ, ಬಗ್ಗಿ ಚಿಪ್ಪು ನೋಡುವಾಗ ಸರಿ ಉಂಟು, ತಲೆ ಎತ್ತಿದರೆ ಆರ್ತದೆ. ಹೊಸ ಸೆಲ್ ಹಾಕಿದೆ, ಆದ್ರೂ ಅಷ್ಟೇ" ಎಂದರು. ಅವರ ಮಾತಿನಲ್ಲೇ ಉತ್ತರ ಇತ್ತು. ತಲೆ ಎತ್ತಿದಾಗ ಹಿಂಬದಿಯ ಸೆಲ್ಲಿನ ಡಬ್ಬಿ ಕುತ್ತಿಗೆಗೆ ತಾಗಿ, ಡಬ್ಬಿಯಿಂದ ದೀಪಕ್ಕೆ ಹೋಗುವ ವಯರು ಬಾಗುತ್ತದೆ. ದೀಪ ಹೊತ್ತಿಸಿಟ್ಟು ವಯರನ್ನು ಇಂಚಿಂಚಾಗಿ ಬಗ್ಗಿಸುತ್ತ ಬಂದಾಗ, ಡಬ್ಬಿಯ ಬಾಯಿಂದ ಅರ್ಧ ಇಂಚು ಆಚೆ ಬೆರಳಿಟ್ಟಲ್ಲಿ ಬೆಳಕು ಆರಿತು. ಹೊರಗಿನ ಪ್ಲಾಸ್ಟಿಕ್ಕಿಗೆ ಒಂದು ಗೀರೂ ಇರಲಿಲ್ಲ, ಆದರೆ ಆ ಜಾಗ ಬೆರಳಿಗೆ ಮೆತ್ತಗೆ ಸಿಗುತ್ತಿತ್ತು. ಕತ್ತರಿಸಿ ನೋಡಿದರೆ ಒಳಗಿನ ತಾಮ್ರದ ಎಳೆಗಳಲ್ಲಿ ಒಂದೆರಡು ಮಾತ್ರ ಉಳಿದು, ಬಾಕಿಯವು ಕಿಲುಬು ಹಿಡಿದು ಹಸಿರಾಗಿ ಮುರಿದಿದ್ದವು. ಬೆವರಿನ ಉಪ್ಪು ವಯರಿನೊಳಗೆ ಏರಿದ ಗುರುತು ಅದು. ಹಸಿರು ಹೋಗಿ ಕೆಂಪು ತಾಮ್ರ ಕಾಣುವವರೆಗೆ ವಯರು ಕತ್ತರಿಸಿ, ಹೊಸದಾಗಿ ಬೆಸುಗೆ ಹಾಕಿ, ಡಬ್ಬಿಯ ಒಳಗಡೆ ವಯರಿಗೆ ಒಂದು ಗಂಟು ಕೊಟ್ಟೆವು. ಎಳೆತ ಗಂಟಿನ ಮೇಲೆ ಬೀಳಬೇಕು, ಬೆಸುಗೆಯ ಮೇಲಲ್ಲ.

ಥ್ರೆಡ್ಡಿಗೆ ಮೆತ್ತಿದ ರಬ್ಬರ್ ಹಾಲು ಒಣಗಿದರೆ ತೆಳ್ಳಗಿನ ಪೊರೆಯಾಗಿ ವಿದ್ಯುತ್ತನ್ನು ತಡೆಯುತ್ತದೆ ಎಂಬುದೂ ಟ್ಯಾಪಿಂಗಿನವರಿಗೆ ಗೊತ್ತಿರಲಿ. ಉಗುರಿನಿಂದ ಕೆರೆದರೆ ಸುಲಿದು ಬರುತ್ತದೆ.

ಮಿಣುಕುವುದಕ್ಕೆ ಇನ್ನೊಂದು ಬಗೆ: ತಣ್ಣಗಿರುವಾಗ ಸರಿ, ಐದು ಹತ್ತು ನಿಮಿಷ ಉರಿದು ಬಿಸಿಯಾದ ಮೇಲೆ ಮಿಣುಕು, ತಣಿದರೆ ಮತ್ತೆ ಸರಿ. ತಟ್ಟಿದರೂ ವ್ಯತ್ಯಾಸವಿಲ್ಲ. ಇದು ಎಲ್‌ಇಡಿಯ ಒಳಗಿನ ಕೂದಲೆಳೆಯಂಥ ತಂತಿಯೋ, ಅದರ ಬೆಸುಗೆಯೋ ಬಿಟ್ಟ ಲಕ್ಷಣ. ಎಲ್‌ಇಡಿಯೇ ಕೆಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದಾದ ಕೆಲವೇ ಸಂದರ್ಭಗಳಲ್ಲಿ ಇದೊಂದು.

ಸೆಲ್ಲು ಸೋರಿದ್ದರೆ

ಹಳೆಯ ಸೆಲ್ಲು, ಹೊಸ ಸೆಲ್ಲು ಬೆರೆಸಿ ಹಾಕುವುದು ಸೋರಿಕೆಗೆ ಕರೆಕೊಟ್ಟಂತೆ. ದುರ್ಬಲವಾದದ್ದು ಮೊದಲು ಬರಿದಾಗುತ್ತದೆ, ಬಲವಾದವು ಅದರ ಮೂಲಕ ಕರೆಂಟನ್ನು ತಳ್ಳುತ್ತಲೇ ಇರುತ್ತವೆ. ಆಲ್ಕಲೈನ್ ಸೆಲ್ಲಿನಿಂದ ಬರುವ ಬಿಳಿ ಹುಡಿ ಕ್ಷಾರ, ಕೈಗೆ ತಾಗಿಸಿಕೊಳ್ಳಬೇಡಿ. ಹತ್ತಿ ಕಡ್ಡಿಗೆ ವಿನೆಗರ್ ಇಲ್ಲವೇ ಲಿಂಬೆರಸ ಹಾಕಿ ಒರೆಸಿದರೆ ಅದು ಶಮನವಾಗುತ್ತದೆ. ಹಳೆಯ ಬಗೆಯ ಅಗ್ಗದ ಜಿಂಕ್ ಸೆಲ್ಲಿನ ಸೋರಿಕೆ ಆಮ್ಲದ ಕಡೆಗಿನದು, ಅದಕ್ಕೆ ಅಡುಗೆ ಸೋಡಾ ಕಲಸಿದ ನೀರು. ಕೊನೆಗೆ ಎರಡಕ್ಕೂ ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಿ.

ಬೆಳಕು ಬೇಗ ಮಂದವಾಗುತ್ತದೆ

ಇಲ್ಲಿ ಮೊದಲು ಕೇಳಬೇಕಾದ್ದು: ಎಷ್ಟು ಹೊತ್ತಿಗೆ? ಹೊತ್ತಿಸಿ ಎರಡು ಮೂರು ನಿಮಿಷಕ್ಕೆ ಇಳಿದು ಆಮೇಲೆ ಒಂದೇ ಮಟ್ಟದಲ್ಲಿ ನಿಂತರೆ ಅದು ದೋಷವೇ ಅಲ್ಲ. ಸಣ್ಣ ಮೈಯ, ಹೆಚ್ಚು ಬೆಳಕಿನ ಟಾರ್ಚುಗಳು ಬಿಸಿ ಏರಿದಾಗ ತಾವಾಗಿಯೇ ಬೆಳಕು ಇಳಿಸಿಕೊಳ್ಳುತ್ತವೆ. ಡಬ್ಬಿಯ ಮೇಲೆ ಬರೆದ ಲೂಮೆನ್ (ಒಟ್ಟು ಬೆಳಕಿನ ಅಳತೆ) ಆ ಮೊದಲ ನಿಮಿಷಗಳದ್ದು. 2009ರಲ್ಲಿ ಬಂದ ಎಎನ್‌ಎಸ್‌ಐ ಎಫ್‌ಎಲ್1 ಎಂಬ ಅಮೆರಿಕದ ಅಳತೆಯ ಪದ್ಧತಿಯಲ್ಲೂ ಬೆಳಕನ್ನು ಹೊತ್ತಿಸಿದ 30 ಸೆಕೆಂಡಿನಿಂದ 2 ನಿಮಿಷದ ಒಳಗೆ ಅಳೆಯುತ್ತಾರೆ. ಎಷ್ಟು ಗಂಟೆ ಉರಿಯುತ್ತದೆ ಎಂಬುದನ್ನು ಬೆಳಕು ಮೊದಲಿನ ಹತ್ತನೆಯ ಒಂದು ಪಾಲಿಗೆ ಇಳಿಯುವವರೆಗೆ ಲೆಕ್ಕ ಹಿಡಿಯುತ್ತಾರೆ. ಡಬ್ಬಿಯಲ್ಲಿ "1000 ಲೂಮೆನ್, 5 ಗಂಟೆ" ಎಂದಿದ್ದರೆ ಐದು ಗಂಟೆಯೂ ಸಾವಿರ ಲೂಮೆನ್ ಎಂದು ಅರ್ಥವಲ್ಲ.

ಲೆಕ್ಕ ಹಾಕಿದರೆ ನಿಮಗೇ ತಿಳಿಯುತ್ತದೆ. 3000 ಎಂಎಎಚ್ (ಸೆಲ್ಲಿನ ಸಾಮರ್ಥ್ಯದ ಅಳತೆ) ಇರುವ ಒಂದು 18650 ಸೆಲ್ಲಿನಲ್ಲಿ ಸುಮಾರು 11 ವಾಟ್-ಗಂಟೆ ಶಕ್ತಿ. ಒಳ್ಳೆಯ ಟಾರ್ಚಿನಲ್ಲಿ ಒಂದು ವಾಟಿಗೆ ಸುಮಾರು 100 ಲೂಮೆನ್ ಸಿಕ್ಕಿತೆನ್ನಿ. ಸಾವಿರ ಲೂಮೆನ್‌ಗೆ 10 ವಾಟ್ ಬೇಕು, ಅಂದರೆ ಒಂದು ಗಂಟೆಯಲ್ಲಿ ಸೆಲ್ಲು ಬರಿದು. 100 ಲೂಮೆನ್‌ಗೆ ಇಳಿಸಿಕೊಂಡರೆ ಅದೇ ಸೆಲ್ಲು ಹತ್ತು ಗಂಟೆಯ ಹತ್ತಿರ ಬರುತ್ತದೆ. ಅಂಗಳದಿಂದ ಕೊಟ್ಟಿಗೆಗೆ, ತೋಟದ ಕಟ್ಟಪುಣಿಯ ಮೇಲೆ ನಡೆಯಲು 100 ಲೂಮೆನ್ ಬೇಕಾದಷ್ಟಾಯಿತು.

ಮೊದಲು ಮೂರು ಗಂಟೆ ಬರುತ್ತಿದ್ದದ್ದು ಈಗ ಅರ್ಧ ಗಂಟೆಗೇ ಮುಗಿದರೆ ಸೆಲ್ಲಿಗೆ ವಯಸ್ಸಾಗಿದೆ. ಚಾರ್ಜ್ ಮಾಡಿದ ಕೂಡಲೇ 4.2 ತೋರಿಸುತ್ತದೆ, ಹೊತ್ತಿಸಿ ಹತ್ತು ನಿಮಿಷ ಬಿಟ್ಟು ಅಳೆದರೆ 3.5ರ ಹತ್ತಿರ. ಇನ್ನು ಹೊಸ ಸೆಲ್ಲೇ ಹೀಗೆ ಮಾಡಿದರೆ ಅದು ನಕಲಿ. ಇಂದಿನವರೆಗೆ ಒಳ್ಳೆಯ ಕಂಪೆನಿಗಳ 18650 ಸೆಲ್ಲು ಸಾಮಾನ್ಯವಾಗಿ 3500 ಎಂಎಎಚ್ ಸುತ್ತ ನಿಲ್ಲುತ್ತದೆ. ಹೊದಿಕೆಯ ಮೇಲೆ 6800, 9900 ಎಂದು ಅಚ್ಚು ಹಾಕಿದ್ದರೆ ಅದು ಸುಳ್ಳು, ಬೇರೆ ಪರೀಕ್ಷೆಯೇ ಬೇಡ. ಅನುಮಾನವಿದ್ದರೆ ತೂಗಿ ನೋಡಿ: ಒಳ್ಳೆಯ ಸೆಲ್ಲು 45ರಿಂದ 50 ಗ್ರಾಂ ಇರುತ್ತದೆ, ನಕಲಿಯದು ಎಷ್ಟೋ ಹಗುರ.

ಸೀಸದ ಬ್ಯಾಟರಿಯ ಟಾರ್ಚು ಹೀಗೆ ಬೇಗ ಮುದಿಯಾಗುವುದಕ್ಕೆ ಕಾರಣ ನಮ್ಮ ಬಳಕೆಯೇ. ಬೇಸಿಗೆಯಲ್ಲಿ ಉರಿಸಿ ಖಾಲಿಯಾದ ಮೇಲೆ ಹಾಗೇ ಕಪಾಟಿನಲ್ಲಿ ಇಟ್ಟರೆ ಪ್ಲೇಟುಗಳ ಮೇಲೆ ಗಟ್ಟಿ ಸಲ್ಫೇಟ್ ಕಟ್ಟುತ್ತದೆ, ಅದು ಮತ್ತೆ ಬಿಡುವುದಿಲ್ಲ. ಸೀಸದ್ದನ್ನು ಯಾವಾಗಲೂ ತುಂಬಿಸಿಯೇ ಇಡಬೇಕು, ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಲಿಥಿಯಂನದ್ದಕ್ಕೆ ಇದು ತದ್ವಿರುದ್ಧ: ದೀರ್ಘಕಾಲ ಇಡುವುದಾದರೆ ಅರ್ಧದಷ್ಟು ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ. ಬಿಸಿಲಿಗೆ ನಿಲ್ಲಿಸಿದ ಕಾರು, ಜೀಪಿನ ಮುಂದುಗಡೆ ಇಡಲೇಬಾರದು. ಮನೆಯಲ್ಲಿ ಎರಡೂ ಬಗೆ ಇರುವಾಗ ಎರಡಕ್ಕೂ ಒಂದೇ ಉಪಚಾರ ಮಾಡಿ ಒಂದನ್ನು ಕೊಲ್ಲುತ್ತೇವೆ.

ಚಾರ್ಜ್ ಆಗುವುದಿಲ್ಲ

ಸಿ ಬಗೆಯ ತೂತಿರುವ ಹೊಸ ಟಾರ್ಚು, ಹೊಸ ಮೊಬೈಲಿನ ಚಾರ್ಜರು, ಎರಡೂ ತುದಿಯಲ್ಲಿ ಸಿ ಇರುವ ವಯರು. ಹಾಕಿದರೆ ಕೆಂಪು ದೀಪವೇ ಬರುವುದಿಲ್ಲ. ಟಾರ್ಚು ಕೆಟ್ಟಿಲ್ಲ. ಸಿ ಬಗೆಯ ಚಾರ್ಜರು, ಎದುರಿಗೆ ಚಾರ್ಜ್ ಬೇಕಾದ ಸಾಧನ ಇದೆಯೆಂದು ಖಚಿತವಾದರೆ ಮಾತ್ರ ವಿದ್ಯುತ್ತು ಬಿಡುತ್ತದೆ. ಆ ಗುರುತು ಹೇಳಲು ಟಾರ್ಚಿನ ಒಳಗೆ 5.1 ಕಿಲೋ-ಓಮಿನ ಎರಡು ಪುಟ್ಟ ರೆಸಿಸ್ಟರ್ ಬೇಕು. ಅಗ್ಗದ ಟಾರ್ಚುಗಳಲ್ಲಿ ಅವನ್ನು ಹಾಕದೆ ಉಳಿಸಿರುತ್ತಾರೆ. ಹಳೆಯ ಅಗಲ ತುದಿಯ ಯುಎಸ್‌ಬಿ ವಯರು, ಹಳೆಯ ಚಾರ್ಜರು ಬಳಸಿ ನೋಡಿ, ಚಾರ್ಜ್ ಆಗುತ್ತದೆ.

ಅದರಲ್ಲೂ ಆಗದಿದ್ದರೆ ತೂತಿನೊಳಗೆ ಬೆಳಕು ಬಿಟ್ಟು ನೋಡಿ. ಧೂಳು, ಹತ್ತಿ, ಕಿಲುಬು ಇದ್ದರೆ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಪಿನ್ನು ಹಾಕಬೇಡಿ. ಅಯಸ್ಕಾಂತದ ಚಾರ್ಜರ್ ಇರುವವುಗಳಿಗೆ ಕಬ್ಬಿಣದ ಚೂರು ಅಂಟಿಕೊಳ್ಳುತ್ತದೆ. ನಮ್ಮ ಕೆಂಪು ಮುರಕಲ್ಲಿನ ಮಣ್ಣಿನಲ್ಲೂ ಅಯಸ್ಕಾಂತಕ್ಕೆ ಹತ್ತುವ ಕಣಗಳು ಇರುತ್ತವೆ. ಬಟ್ಟೆಯಿಂದ ಒರೆಸಿದರೆ ಹೋಗುವುದಿಲ್ಲ, ಅಂಟು ಟೇಪು ಒತ್ತಿ ಎತ್ತಿ.

ಒಳಗೆ ನೀರು

ಗಾಜಿನ ಒಳಗಡೆ ಮಂಜು ಕಟ್ಟಿದರೆ ಕೂಡಲೇ ಸೆಲ್ಲು ತೆಗೆಯಿರಿ. ನೀರು ಒಂದೇ ಮಾಡುವ ಹಾನಿಗಿಂತ ನೀರು, ವಿದ್ಯುತ್ತು ಸೇರಿ ಮಾಡುವ ಹಾನಿ ದೊಡ್ಡದು. ಬಿಚ್ಚಬಹುದಾದ್ದನ್ನೆಲ್ಲ ಬಿಚ್ಚಿ ಫ್ಯಾನಿನ ಗಾಳಿಗಿಡಿ, ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಒಂದೆರಡು ದಿನ ಬಿಡಿ. ಒಲೆಯ ಮೇಲಿನ ಅಟ್ಟ ಬೇಡ, ಹೊಗೆ ಮತ್ತು ಬಿಸಿಗೆ ಪ್ಲಾಸ್ಟಿಕ್ ಗಾಜು ಹಾಳಾಗುತ್ತದೆ. ಕುಂಬಳೆ, ಉಪ್ಪಳದ ಕಡಲ ಬದಿಯವರ ಟಾರ್ಚಿಗೆ ಉಪ್ಪುನೀರು ಹೋದರೆ ಮೊದಲು ಸೆಲ್ಲು ತೆಗೆದು ಸಿಹಿನೀರಲ್ಲಿ ತೊಳೆಯಿರಿ, ಆಮೇಲೆ ಒಣಗಿಸಿ. ಉಪ್ಪು ಒಳಗೇ ಒಣಗಿದರೆ ಗಾಳಿಯ ತೇವವನ್ನೆಲ್ಲ ಎಳೆಯುತ್ತ ಕೂರುತ್ತದೆ.

ನೀರು ಬಂದ ದಾರಿ ಹೆಚ್ಚಾಗಿ ಚಾರ್ಜಿನ ತೂತಿನ ರಬ್ಬರ್ ಮುಚ್ಚಳ. ಅದನ್ನು ಒತ್ತಿ ಕೂರಿಸದಿದ್ದರೆ ಡಬ್ಬಿಯ ಮೇಲಿನ, ನೀರು ಎಷ್ಟು ತಡೆಯುತ್ತದೆಂದು ಹೇಳುವ ಐಪಿ ಅಂಕೆಗೆ ಬೆಲೆಯಿಲ್ಲ. ಐಪಿಎಕ್ಸ್4 ಎಂದರೆ ಎಲ್ಲ ಕಡೆಯಿಂದ ಎರಚುವ ನೀರು ತಡೆದೀತು, ಅಷ್ಟೇ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. ನಮ್ಮ ಜೂನ್, ಜುಲೈಯ ಮಳೆಗೆ 4 ಸಾಲದು ಎಂಬುದು ನನ್ನ ಅಭಿಪ್ರಾಯ. ತೋಡು ದಾಟುವವರು 7 ಇರುವುದನ್ನೇ ತೆಗೆದುಕೊಳ್ಳಿ.

ಸುರಂಗಕ್ಕೆ ಇಳಿಯುವವರಿಗೆ ಒಂದು ಮಾತು. ನೀರಿಗಾಗಿ ಮುರಕಲ್ಲು ಕೊರೆದ ನಮ್ಮ ಸುರಂಗಗಳಲ್ಲಿ ಮೇಲಿನಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ, ಹೆಡ್‌ಲೈಟು ಅಲ್ಲಿ ಬಹಳ ಅನುಕೂಲ. ಆದರೆ ಹಿಂದಿನವರು ಒಯ್ಯುತ್ತಿದ್ದ ಮೇಣದ ಬತ್ತಿಯನ್ನು ಬಿಡಬೇಡಿ. ಗಾಳಿ ಕಡಿಮೆಯಾದರೆ ಬತ್ತಿ ಮಂಕಾಗಿ ಆರಿ ಹಿಂದೆ ಬಾ ಎನ್ನುತ್ತದೆ. ಎಲ್‌ಇಡಿ ಉಸಿರು ಕಟ್ಟುವ ಜಾಗದಲ್ಲೂ ಉರಿಯುತ್ತಲೇ ಇರುತ್ತದೆ.

ಮಳೆಯಲ್ಲಿ ಬೆಳಕು ದೂರ ಹೋಗುವುದಿಲ್ಲ

ಇದನ್ನು ಟಾರ್ಚಿನ ದೋಷವೆಂದು ತರುವವರಿದ್ದಾರೆ. ಹನಿಗಳು, ಮಂಜು ಬೆಳಕನ್ನು ಕಣ್ಣಿಗೇ ತಿರುಗಿಸಿ ಕಳಿಸುವುದರಿಂದ ಎದುರು ಬಿಳಿ ಪರದೆ ಕಟ್ಟಿದಂತಾಗುತ್ತದೆ. ಬೆಳಕು ಹೆಚ್ಚಿಸಿದಷ್ಟೂ ಪರದೆ ದಪ್ಪ. ಹೆಡ್‌ಲೈಟು ಕಣ್ಣಿನ ಪಕ್ಕದಲ್ಲೇ ಇರುವುದರಿಂದ ಅದರಲ್ಲಿ ಈ ತೊಂದರೆ ಹೆಚ್ಚು. ತಲೆಯಿಂದ ತೆಗೆದು ಸೊಂಟದ ಮಟ್ಟದಲ್ಲಿ ಹಿಡಿಯಿರಿ, ಬೆಳಕನ್ನು ಇಳಿಸಿ. ನೆಲ ಸ್ಪಷ್ಟವಾಗುತ್ತದೆ.

ಹೊಸತು ಕೊಳ್ಳುವುದೇ ಆದರೆ

ಹಳೆಯದು ಯಾವುದರಿಂದ ಕೆಟ್ಟಿತೋ ಅದನ್ನು ನೋಡಿ ಆರಿಸಿ. ಎಲ್ಲಕ್ಕಿಂತ ಮೊದಲು, ಸೆಲ್ಲು ಹೊರಗೆ ಬರಬೇಕು. ಸೆಲ್ಲನ್ನು ಒಳಗೇ ಅಂಟಿಸಿ ಮುಚ್ಚಿದ ಟಾರ್ಚಿನ ಆಯುಷ್ಯ ಆ ಸೆಲ್ಲಿನ ಆಯುಷ್ಯದಷ್ಟೇ. ಅಂಗಡಿಯಲ್ಲೇ ಹಿಂದಿನ ಮುಚ್ಚಳ ತಿರುಗಿಸಿ ನೋಡಿ: ಥ್ರೆಡ್ಡು ಮರಳು ಸಿಕ್ಕಿದಂತೆ ಕರಕರ ಎನ್ನಬಾರದು, ಓ-ರಿಂಗ್ ಕಾಣಬೇಕು, ಸ್ಪ್ರಿಂಗ್ ಎರಡೂ ಕಡೆ ಇದ್ದರೆ ಒಳ್ಳೆಯದು. ನೆಲದ ಮೇಲೆ ಬೆಳಕು ಬಿಟ್ಟು ನೋಡಿ. ನೀಲಿ ಬೆರೆತ ಬಿಳಿಯಲ್ಲಿ ಒಣಗಿದ ಸೋಗೆ, ಅಡಿಕೆ ಹಾಳೆ, ಹಾವು ಎಲ್ಲ ಒಂದೇ ಬೂದಿ ಬಣ್ಣಕ್ಕೆ ತಿರುಗುತ್ತವೆ. 4000ದಿಂದ 5000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂದು ಬರೆದಿರುವ, ಸಿಆರ್‌ಐ (ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆಂಬ ಅಂಕೆ) 90ರ ಮೇಲಿರುವ ಎಲ್‌ಇಡಿಯಲ್ಲಿ ಕಂದು ಕಂದಾಗಿಯೇ ಕಾಣುತ್ತದೆ. ಅದಕ್ಕಾಗಿ ಸ್ವಲ್ಪ ಲೂಮೆನ್ ಬಿಟ್ಟುಕೊಟ್ಟರೂ ನಷ್ಟವಿಲ್ಲ. ದೂರದ ಬೆಳಕು ಬೇಕಾದವರು ಲೂಮೆನ್ ಬದಲು ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆ) ಕೇಳಿ. 10,000 ಕ್ಯಾಂಡೆಲಾ ಎಂದರೆ ಎಫ್‌ಎಲ್1 ಲೆಕ್ಕದಲ್ಲಿ 200 ಮೀಟರ್. ಆ ಕೊನೆಯಲ್ಲಿ ಸಿಗುವುದು ಹುಣ್ಣಿಮೆಯಷ್ಟು ಬೆಳಕು, ಹಂದಿ ತೋಟಕ್ಕೆ ನುಗ್ಗಿದ್ದು ಗೊತ್ತಾಗಲು ಅದರ ಅರ್ಧ ದೂರವನ್ನೇ ನಂಬಿ.

ಕೆಟ್ಟ ಲಿಥಿಯಂ ಸೆಲ್ಲನ್ನು ತೋಟದ ಗುಂಡಿಗೆ, ಕಸ ಸುಡುವಲ್ಲಿಗೆ ಎಸೆಯಬೇಡಿ. ಎರಡೂ ತುದಿಗೆ ಇನ್ಸುಲೇಶನ್ ಟೇಪು ಸುತ್ತಿ, ಪ್ಲಾಸ್ಟಿಕ್ ಕಟ್ಟಿನೊಳಗೆ ಸೇರಿಸದೆ ಬೇರೆಯಾಗಿಟ್ಟು, ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮಸೇನೆಯವರು ಬಂದಾಗ "ಇದರಲ್ಲಿ ಬ್ಯಾಟರಿ ಉಂಟು" ಎಂದು ಹೇಳಿಯೇ ಕೊಡಿ. ಸೀಸದ್ದನ್ನು ವಾಹನದ ಬ್ಯಾಟರಿ ಮಾರುವ ಅಂಗಡಿಯಲ್ಲಿ ಕೇಳಿ ನೋಡಿ. ಹಳೆಯ ಸೀಸವನ್ನು ತೆಗೆದುಕೊಳ್ಳುವವರು ಅಲ್ಲಿ ಸಿಗುತ್ತಾರೆ.